ಶೌಚಾಲಯ ಇದೆ ಎಂದು ಬರೆದುಕೊಳ್ಳುವ ಮುನ್ನ ಒಳಗೆ ಹೋಗಿ ನೋಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ, ಹಾಗೂ ಹೆಣ್ಣುಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ಎಲ್ಲ ತಂದೆ ತಾಯಂದಿರಿಗೆ,

ನಮಸ್ಕಾರ.

ನಮ್ಮ ಹೆಣ್ಣುಮಕ್ಕಳು ಶಾಲೆಯಲ್ಲಿ ನೀರು ಕುಡಿಯುತ್ತಿಲ್ಲ. ನೀರಿಲ್ಲವೆಂದಲ್ಲ, ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತದೆ ಎಂದು. ಈ ಪತ್ರ ಅಷ್ಟಕ್ಕೇ ಸಂಬಂಧಪಟ್ಟದ್ದು. ಮಾತು ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಊರಿನವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಆರನೇ ತರಗತಿ, ಚಿಕ್ಕವಳು ಎರಡನೇ ತರಗತಿ. ಇಬ್ಬರೂ ಒಂದೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ಶಾಲೆಯ ಮೇಲೆ ನನಗೆ ಪ್ರೀತಿ ಇದೆ. ಮೇಷ್ಟ್ರುಗಳು ಪಾಠ ಚೆನ್ನಾಗಿ ಮಾಡುತ್ತಾರೆ, ಬಿಸಿಯೂಟದ ಸಾರು ರುಚಿಯಾಗಿರುತ್ತದೆ, ದೊಡ್ಡವಳು ಲೆಕ್ಕದಲ್ಲಿ ನನ್ನನ್ನು ಮೀರಿಸಿದ್ದಾಳೆ. ಖಾಸಗಿ ಶಾಲೆಗೆ ಸೇರಿಸಿ ಎಂದು ನೆಂಟರು ಹೇಳಿದಾಗೆಲ್ಲ ನಾನು ಶಾಲೆಯ ಪರವಾಗಿಯೇ ಮಾತಾಡಿದವಳು. ಹಾಗಾಗಿ ಇದನ್ನು ದೂರು ಎಂದು ಓದಬೇಡಿ, ಶಾಲೆ ಉಳಿಯಲಿ ಎನ್ನುವವರ ಮಾತು ಎಂದು ಓದಿ.

ಹೆಣ್ಣುಮಕ್ಕಳಿರುವ ಮನೆಯ ಬೆಳಗು ಹೇಗಿರುತ್ತದೆ ಎಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ಒಬ್ಬಳಿಗೆ ಎರಡು ಜಡೆ ಹಾಕಿ ರಿಬ್ಬನ್ ಮಡಿಚಿ ಕಟ್ಟುವಷ್ಟರಲ್ಲಿ ಇನ್ನೊಬ್ಬಳ ಸಾಕ್ಸು ಕಳೆದಿರುತ್ತದೆ. ಒಲೆ ಮೇಲೆ ಚಿತ್ರಾನ್ನ, ಕೈಯಲ್ಲಿ ಬಾಚಣಿಗೆ. ಈ ಗಡಿಬಿಡಿಯಲ್ಲೂ ನಮ್ಮ ಮನೆಯಲ್ಲಿ ತಪ್ಪದ ಒಂದು ಮಾತಿದೆ: "ಹೊರಡೋಕೆ ಮುಂಚೆ ಒಂದಕ್ಕೆ ಹೋಗಿ ಬಾ." ಬಂದರೂ ಬರದಿದ್ದರೂ ಹೋಗಿ ಬರಬೇಕು. ಯಾಕೆಂದರೆ ಎಂಟೂವರೆಗೆ ಮನೆ ಬಿಟ್ಟವರು ಮತ್ತೆ ಬಚ್ಚಲು ನೋಡುವುದು ಸಂಜೆ ಐದಕ್ಕೆ. ಬಂದವರೇ ಬ್ಯಾಗನ್ನು ಹೊಸಿಲ ಮೇಲೆ ಎಸೆದು ಹಿತ್ತಲಿಗೆ ಓಡುತ್ತಾರೆ. ಅಕ್ಕ ತಂಗಿಯರ ನಡುವೆ ದಿನವೂ ಜಗಳ ನಡೆಯುವುದು ಆ ಬಾಗಿಲಲ್ಲೇ, ಯಾರು ಮೊದಲು ಎಂದು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದರೆ ಬೆಳಗ್ಗೆ ತುಂಬಿಸಿದ ನೀರು ಹಾಗೇ ಇರುತ್ತದೆ. ಮಾರ್ಚ್ ತಿಂಗಳ ಬಿಸಿಲಲ್ಲೂ ಹಾಗೇ ಇರುತ್ತದೆ. ನಮ್ಮ ಸೀಮೆಯ ಬಿಸಿಲು ಎಂಥದ್ದು ಎಂದು ಇಲ್ಲಿಗೆ ಬಂದವರಿಗೆ ಗೊತ್ತು.

ನಮ್ಮ ಬೀದಿಯ ಬೇರೆ ತಾಯಂದಿರನ್ನು ಕೇಳಿದೆ. ಎಲ್ಲರ ಮನೆಯ ಬಾಟಲಿಯ ಕಥೆಯೂ ಒಂದೇ. ಗಂಡುಮಕ್ಕಳ ಬಾಟಲಿ ಖಾಲಿಯಾಗಿ ಬರುತ್ತದೆ, ಅವರಿಗೆ ಕಾಂಪೌಂಡ್ ಗೋಡೆಯ ಮರೆ ಇದೆ.

ಮಕ್ಕಳ ವೈದ್ಯರು ಒಂದು ಸುಲಭ ಲೆಕ್ಕ ಹೇಳುತ್ತಾರೆ. ಮಗುವಿನ ವಯಸ್ಸಿಗೆ ಎರಡು ಕೂಡಿಸಿ ಮೂವತ್ತರಿಂದ ಗುಣಿಸಿದರೆ ಅದರ ಮೂತ್ರಕೋಶ ಸುಮಾರು ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. ಏಳು ವರ್ಷದ ನನ್ನ ಚಿಕ್ಕವಳಿಗೆ 270. ಒಂದು ದೊಡ್ಡ ಲೋಟದಷ್ಟು. ಎರಡು ಮೂರು ಗಂಟೆಗೊಮ್ಮೆ ಅದು ಖಾಲಿಯಾಗಬೇಕು. ಎಂಟೂವರೆ ಗಂಟೆ ತಡೆದುಕೊಳ್ಳಬೇಕಾದರೆ ಮಗುವಿಗೆ ಇರುವ ದಾರಿ ಒಂದೇ, ನೀರು ಕುಡಿಯದೇ ಇರುವುದು. ಯಾರೂ ಹೇಳಿಕೊಡದೆ ಒಂದನೇ ತರಗತಿಯ ಮಗುವೂ ಇದನ್ನು ಕಲಿತುಬಿಡುತ್ತದೆ.

ಕಲಿತದ್ದರ ಬೆಲೆ ಏನು? ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡ, ಸೋಂಕು ಬೇಗ ಮೇಲೇರುತ್ತದೆ. ನೀರು ಕಡಿಮೆಯಾಗಿ, ಗಂಟೆಗಟ್ಟಲೆ ತಡೆದುಕೊಂಡರೆ ಸೋಂಕಿಗೆ ನಾವೇ ಬಾಗಿಲು ತೆರೆದಂತೆ. ಎರಡಕ್ಕೆ ಬಂದರೂ ತಡೆದುಕೊಳ್ಳುವುದರಿಂದ ಮಲಬದ್ಧತೆ, ಅದರಿಂದ ಮತ್ತೆ ಮೂತ್ರದ ತೊಂದರೆ. ದೊಡ್ಡವಳು ನಾಲ್ಕನೇ ತರಗತಿಯಲ್ಲಿದ್ದಾಗ ಉರಿಮೂತ್ರ ಶುರುವಾಯಿತು. ಅಜ್ಜಿ ಉಷ್ಣ ಎಂದರು, ನೆತ್ತಿಗೆ ಹರಳೆಣ್ಣೆ ಇಟ್ಟರು, ಕೊತ್ತಂಬರಿ ಬೀಜದ ನೀರು, ಎಳನೀರು, ಬಾರ್ಲಿ ಗಂಜಿ ಎಲ್ಲ ಆಯಿತು. ನಮ್ಮ ಕಡೆ ಎಲ್ಲ ಮನೆಯಲ್ಲೂ ಇದಕ್ಕೆ ಉಷ್ಣ ಎಂದೇ ಹೆಸರು. ಆಮೇಲೆ ಜ್ವರ ಬಂತು, ಕಿಬ್ಬೊಟ್ಟೆ ಹಿಡಿದುಕೊಂಡು ಅತ್ತಳು. ತಾಲ್ಲೂಕು ಕೇಂದ್ರದ ಡಾಕ್ಟರಮ್ಮ ಮೂತ್ರ ಪರೀಕ್ಷೆ ಮಾಡಿಸಿ ಔಷಧಿ ಕೊಟ್ಟರು. ಚೀಟಿ ಬರೆಯುತ್ತಲೇ ಮಗುವಿನ ಮುಖ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಸ್ಕೂಲಲ್ಲಿ ಟಾಯ್ಲೆಟ್‌ಗೆ ಹೋಗ್ತೀಯಾ ಪುಟ್ಟಿ?" ಅವಳು ತಲೆ ತಗ್ಗಿಸಿದಳು. ಇಂಥ ಹುಡುಗಿಯರನ್ನು ದಿನವೂ ನೋಡುತ್ತೇನೆ ಎಂದರು ಡಾಕ್ಟರಮ್ಮ.

ಈಗ ಶೌಚಾಲಯದ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ಶೌಚಾಲಯ ಇದೆ. ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ. ಗೋಡೆಗೆ ಹಳದಿ ಬಣ್ಣ, ಮೇಲೆ ಜಡೆ ಹಾಕಿದ ಹುಡುಗಿಯ ಚಿತ್ರ. ವರ್ಷ ವರ್ಷ ಇಲಾಖೆ ಕೇಳುವ ಅಂಕಿಅಂಶದ ನಮೂನೆಯಲ್ಲಿ "ಹೆಣ್ಣುಮಕ್ಕಳ ಶೌಚಾಲಯ: ಇದೆ" ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಒಳಗೆ ಎರಡು ಗುಂಡಿಗಳಲ್ಲಿ ಒಂದು ಕಟ್ಟಿಕೊಂಡಿದೆ. ಇನ್ನೊಂದರ ಬಾಗಿಲಿಗೆ ಚಿಲಕ ಇಲ್ಲ. ನಲ್ಲಿ ಇದೆ, ಸಿಂಟೆಕ್ಸ್ ಟ್ಯಾಂಕಿನಿಂದ ಅಲ್ಲಿಗೆ ಬರುವ ಪೈಪು ಒಡೆದಿದೆ. ಹೊರಗಿನ ತೊಟ್ಟಿಯಿಂದ ಬಕೆಟ್ ತುಂಬಿಸಿ ಹೊತ್ತುಕೊಂಡು ಹೋಗಬೇಕು, ಏಳು ವರ್ಷದ ಮಗು ಆ ಬಕೆಟ್ಟನ್ನು ಎತ್ತಲಾರದು. ವಾಸನೆ ಎರಡನೇ ತರಗತಿಯ ಕಿಟಕಿಯವರೆಗೂ ಬರುತ್ತದೆ.

ಚಿಲಕವಿಲ್ಲದ ಬಾಗಿಲಿಗೆ ಹುಡುಗಿಯರು ತಾವೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ಒಬ್ಬಳು ಒಳಗೆ ಹೋದರೆ ಗೆಳತಿ ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಗೆಳತಿಗೆ ಹುಷಾರಿಲ್ಲದ ದಿನ ನನ್ನ ಚಿಕ್ಕವಳು ಹೋಗುವುದೇ ಇಲ್ಲ. "ಭೂಮಿಕ ಬಂದಿರ್ಲಿಲ್ಲಮ್ಮ" ಎನ್ನುತ್ತಾಳೆ (ಹೆಸರು ಬದಲಿಸಿದ್ದೇನೆ), ಅದರಲ್ಲೇ ಎಲ್ಲ ಅರ್ಥವಾಗಬೇಕು. ಆರನೇ ತರಗತಿಯವರದು ಇನ್ನೊಂದು ಕಷ್ಟ. ಚೂಡಿದಾರದ ಲಾಡಿ, ಒದ್ದೆ ನೆಲ, ಪ್ಯಾಂಟು ಎತ್ತಿ ಹಿಡಿಯಬೇಕು, ಬಾಗಿಲೂ ಹಿಡಿಯಬೇಕು, ಬಕೆಟ್ಟಿನ ನೀರೂ ಹಾಕಬೇಕು. ಇರುವುದು ಎರಡೇ ಕೈ. ನಾನು ಹೊಲಿಯುವವಳಾದ್ದರಿಂದ ನಮ್ಮ ಬೀದಿಯ ಹುಡುಗಿಯರ ಯೂನಿಫಾರಂ ಪ್ಯಾಂಟಿಗೆ ಲಾಡಿ ತೆಗೆದು ಇಲಾಸ್ಟಿಕ್ ಹಾಕಿಕೊಡುತ್ತೇನೆ. ಬಾಗಿಲಿಗೆ ಏನು ಹೊಲಿಯಲಿ?

ಇನ್ನು ಸಮಯ. ನಮ್ಮ ಶಾಲೆಯಲ್ಲಿ ಹುಡುಗಿಯರು ನೂರರ ಹತ್ತಿರ. ಬೆಳಗಿನ ಬಿಡುವು ಹತ್ತು ನಿಮಿಷ. ಒಬ್ಬಳಿಗೆ ಎರಡು ನಿಮಿಷ ಹಿಡಿದರೆ, ಕೆಲಸ ಮಾಡುವ ಒಂದೇ ಗುಂಡಿಯಲ್ಲಿ ಐದು ಹುಡುಗಿಯರು ಹೋಗಿ ಬರಬಹುದು. ಉಳಿದವರು ಸಾಲಿನಲ್ಲಿರುವಾಗಲೇ ಗಂಟೆ ಹೊಡೆಯುತ್ತದೆ. ಮುಂದಿನ ಪೀರಿಯಡ್ಡಿನಲ್ಲಿ "ಮಿಸ್, ಒಂದಕ್ಕೆ" ಎಂದು ಬೆರಳೆತ್ತಿದರೆ "ಈಗ ತಾನೆ ಬಿಟ್ಟಿದ್ವಲ್ಲ" ಎಂಬ ಉತ್ತರ. ಸ್ವಚ್ಛ ವಿದ್ಯಾಲಯ ಕಾರ್ಯಕ್ರಮದ ಕೈಪಿಡಿ ನಲವತ್ತು ಮಕ್ಕಳಿಗೆ ಒಂದು ಶೌಚಾಲಯ ಇರಬೇಕು ಎನ್ನುತ್ತದೆ. ಆ ಲೆಕ್ಕದಲ್ಲಿ ನಮಗೆ ಮೂರು ಬೇಕು. ಕೇರಳದ ಶಾಲೆಗಳಲ್ಲಿ 2019ರಲ್ಲಿ ಶುರುವಾದ ನೀರಿನ ಗಂಟೆಯ ಪದ್ಧತಿ ನಮ್ಮ ರಾಜ್ಯಕ್ಕೂ ಬಂತು, ಒಳ್ಳೆಯದೇ. ಆದರೆ ಕುಡಿದ ನೀರಿಗೆ ಹೋಗಲು ಜಾಗ ಇಲ್ಲದಿದ್ದರೆ ಹುಡುಗಿಯರು ಗಂಟೆ ಹೊಡೆದಾಗ ಬಾಟಲಿಯನ್ನು ತುಟಿಗೆ ಮುಟ್ಟಿಸಿ ಇಡುತ್ತಾರೆ.

ಇದು ನಮ್ಮೂರಿನ ಒಂದು ಶಾಲೆಯ ಮಾತಾಗಿದ್ದರೆ ನಾನು ಬಹಿರಂಗ ಪತ್ರ ಬರೆಯುತ್ತಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪ್ರತಿ ಶಾಲೆಯಲ್ಲೂ ಗಂಡು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಸುರಕ್ಷಿತ ಕುಡಿಯುವ ನೀರು ಇರಲೇಬೇಕು ಎಂದು ಅದರ ಅನುಸೂಚಿ ಹೇಳುತ್ತದೆ. ಸುಪ್ರೀಂ ಕೋರ್ಟ್ 2012ರಲ್ಲಿ ಆರು ತಿಂಗಳ ಗಡುವು ಕೊಟ್ಟು ಎಲ್ಲ ರಾಜ್ಯಗಳಿಗೂ ಆದೇಶಿಸಿತು. 2014ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿಯವರು ಒಂದು ವರ್ಷದೊಳಗೆ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವಿಲ್ಲದ ಶಾಲೆ ದೇಶದಲ್ಲಿ ಇರಬಾರದು ಎಂದರು. ಕೇಂದ್ರದ ಸಾರ್ವಜನಿಕ ಉದ್ಯಮಗಳು ಲಕ್ಷಕ್ಕೂ ಹೆಚ್ಚು ಕಟ್ಟಿಸಿದವು. ಆಮೇಲೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ತಂಡ 15 ರಾಜ್ಯಗಳಲ್ಲಿ ಅವುಗಳಲ್ಲಿ ಕೆಲವನ್ನು ಖುದ್ದಾಗಿ ನೋಡಿತು. 2020ರಲ್ಲಿ ಸಂಸತ್ತಿನ ಮುಂದೆ ಬಂದ ಆ ವರದಿಯ ಪ್ರಕಾರ ನೂರಕ್ಕೆ 72ರಲ್ಲಿ ಒಳಗೆ ನಲ್ಲಿ ನೀರೇ ಇರಲಿಲ್ಲ. ನೂರಕ್ಕೆ 75ರಲ್ಲಿ ದಿನವೂ ಶುಚಿ ಮಾಡುವ ವ್ಯವಸ್ಥೆ ಇರಲಿಲ್ಲ. ನೂರಕ್ಕೆ 30 ಬಳಕೆಯಲ್ಲೇ ಇರಲಿಲ್ಲ. 2023ರಲ್ಲಿ ನಮ್ಮ ರಾಜ್ಯದ ಹೈಕೋರ್ಟ್ ಕೂಡ ಸರ್ಕಾರಿ ಶಾಲೆಗಳ ಶೌಚಾಲಯ ಮತ್ತು ಕುಡಿಯುವ ನೀರಿನ ಸ್ಥಿತಿ ನೋಡಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು.

ಕಟ್ಟಡಕ್ಕೆ ದುಡ್ಡು ಬರುತ್ತದೆ. ನರೇಗಾದಲ್ಲಿ ಬಂದಿದೆ, ಶಾಸಕರ ನಿಧಿಯಲ್ಲಿ ಬರುತ್ತದೆ, ಕಂಪನಿಗಳು ಕೊಡುತ್ತವೆ, ಉದ್ಘಾಟನೆಯ ಫೋಟೋ ಪೇಪರಿನಲ್ಲಿ ಬರುತ್ತದೆ. ಆಮೇಲೆ ಅದನ್ನು ದಿನವೂ ತೊಳೆಯುವವರು ಯಾರು? ಈ ಪತ್ರದಲ್ಲಿ ನಾನು ಕೇಳಬೇಕೆಂದಿರುವ ಮುಖ್ಯ ಪ್ರಶ್ನೆ ಇದೇ.

ನಾನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಿನಲ್ಲಿ ಅರ್ಧ ಹೆಂಗಸರು ಇರಬೇಕು, ಹಾಗಾಗಿ ನನಗೂ ಕುರ್ಚಿ ಸಿಕ್ಕಿತು. ಅಲ್ಲಿ ಕೂತು ಲೆಕ್ಕ ನೋಡಿದ ಮೇಲೆ ಹೆಡ್ಮಾಸ್ಟರ ಮೇಲಿನ ನನ್ನ ಸಿಟ್ಟು ಇಳಿಯಿತು. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಅನುದಾನ. ಸುಣ್ಣಬಣ್ಣ, ಸೀಮೆಸುಣ್ಣ, ಒಡೆದ ಹೆಂಚು, ಪ್ರಯೋಗದ ಸಾಮಾನು, ಪೇಪರು ಎಲ್ಲ ಅದರಲ್ಲೇ. ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಖರ್ಚು ಮಾಡಬೇಕು ಎಂಬ ನಿಯಮ ಇದೆ, ಅಂದರೆ 5,000. ಇನ್ನೂರು ಮಕ್ಕಳು, 220 ದಿನದ ಶಾಲೆ ಎಂದು ಭಾಗಿಸಿ ನೋಡಿ. ಒಂದು ಮಗುವಿಗೆ ದಿನಕ್ಕೆ ಸುಮಾರು ಹನ್ನೊಂದು ಪೈಸೆ. ಫಿನಾಯಿಲು, ಬ್ಲೀಚಿಂಗ್ ಪೌಡರು, ಪೊರಕೆ, ಸೋಪು ತಂದರೆ ಮುಗಿಯಿತು. ಶುಚಿ ಮಾಡುವವರಿಗೆ ಕೊಡಲು ಏನೂ ಉಳಿಯುವುದಿಲ್ಲ.

ಕೂಲಿಯ ಲೆಕ್ಕವನ್ನೂ ಹಾಕಿದ್ದೇನೆ. ನರೇಗಾ ದಿನಗೂಲಿ ನಮ್ಮ ರಾಜ್ಯದಲ್ಲಿ 2025-26ರಲ್ಲಿ 370 ರೂಪಾಯಿ ಇತ್ತು. ದಿನಕ್ಕೆ ಎರಡು ಗಂಟೆಯ ಕೆಲಸಕ್ಕೆ ಬರೀ ಕಾಲು ಕೂಲಿ ಹಿಡಿದರೂ ತಿಂಗಳಿಗೆ ಎರಡು ಸಾವಿರದ ಇನ್ನೂರು ದಾಟುತ್ತದೆ, ಹತ್ತು ತಿಂಗಳಿಗೆ ಇಪ್ಪತ್ತೆರಡು ಸಾವಿರ. ಶೌಚಾಲಯ ತೊಳೆಯುವ ಕೆಲಸಕ್ಕೆ ಕಾಲು ಕೂಲಿ ನ್ಯಾಯವೂ ಅಲ್ಲ, ಅದಕ್ಕಿಂತ ಹೆಚ್ಚೇ ಕೊಡಬೇಕು. ನಾವು ತಾಯಂದಿರು ಚಂದಾ ಎತ್ತಿ ಚಿಲಕ ಹಾಕಿಸಿದ್ದೆವು, ಒಬ್ಬರನ್ನು ಕೆಲಸಕ್ಕೂ ಇಟ್ಟಿದ್ದೆವು. ಆಗ ಶೌಚಾಲಯ ಶೌಚಾಲಯದಂತಿತ್ತು, ಹುಡುಗಿಯರು ಹೋಗಿ ಬರುತ್ತಿದ್ದರು, ಬಾಟಲಿಗಳೂ ಖಾಲಿಯಾಗಿ ಬಂದವು. ಚಂದಾ ನಿಂತಿತು, ಅವರು ಬೇರೆ ಕೆಲಸಕ್ಕೆ ಹೋದರು, ಚಿಲಕವೂ ಕಿತ್ತುಬಂತು. ಈರುಳ್ಳಿಗೆ ರೇಟು ಬೀಳುವ ವರ್ಷ ಚಂದಾ ಕೇಳಲು ಯಾರ ಮನೆಗೆ ಹೋಗುವುದು?

ಹಣ ಇಲ್ಲದ ಕಡೆ ಕೆಲಸ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಈ ನಾಡಿಗೆ ಗೊತ್ತಿರುವ ಸಂಗತಿ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬೆಳಕಿಗೆ ಬಂತು. ಅದೇ ತಿಂಗಳು ಬೆಂಗಳೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ವಿಡಿಯೊ ಹೊರಬಂತು. ಅಮಾನತುಗಳಾದವು, ಮಕ್ಕಳಿಂದ ಈ ಕೆಲಸ ಮಾಡಿಸಬಾರದು ಎಂದು ಸುತ್ತೋಲೆ ಬಂತು. ಸರಿಯಾದ ಸುತ್ತೋಲೆ, ಅದನ್ನು ನಾನು ತಲೆ ಮೇಲಿಟ್ಟುಕೊಳ್ಳುತ್ತೇನೆ. ಯಾವ ಜಾತಿಯ ಮಗುವೂ, ಹುಡುಗಿಯಾಗಲಿ ಹುಡುಗನಾಗಲಿ, ಶಾಲೆಗೆ ಬಂದು ಪಾಯಿಖಾನೆ ತೊಳೆಯಬಾರದು. ಬಿಸಿಯೂಟದ ಅಡುಗೆಯವರ ಮೇಲೂ ಇದನ್ನು ಹೊರಿಸಬಾರದು. ಆದರೆ ಮಕ್ಕಳೂ ಅಲ್ಲ, ಅಡುಗೆಯವರೂ ಅಲ್ಲ ಎಂದಾದ ಮೇಲೆ ಯಾರು ಎಂಬುದಕ್ಕೆ ನಮ್ಮ ಶಾಲೆಯಲ್ಲಿ ಇವತ್ತಿಗೂ ಉತ್ತರ ಇಲ್ಲ. ಉತ್ತರ ಇಲ್ಲದ ಕಡೆ ಬಾಗಿಲಿಗೆ ಬೀಗ ಬೀಳುತ್ತದೆ.

ಇದೇ ಸರ್ಕಾರದ ವ್ಯವಸ್ಥೆ ಮನಸ್ಸು ಮಾಡಿದರೆ ಏನೆಲ್ಲ ಆಗುತ್ತದೆ ಎಂದು ನಾನು ದಿನವೂ ನೋಡುತ್ತೇನೆ. 2013ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ. ಮೊಟ್ಟೆ 2024ರಿಂದ ವಾರಕ್ಕೆ ಆರು ದಿನ. ಹಾಲಿನ ಪುಡಿಗೊಂದು ರಿಜಿಸ್ಟರು, ಮೊಟ್ಟೆಗೊಂದು ರಿಜಿಸ್ಟರು, ಬೇಯಿಸಲು ಜನ, ಅವರಿಗೆ ತಿಂಗಳ ಗೌರವಧನ. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ಉಚಿತ ನೀರು ಎಂದು ಘೋಷಿಸಿದರು. ಮಗುವಿನ ಹೊಟ್ಟೆಗೆ ಹೋಗುವುದಕ್ಕೆ ಇಷ್ಟು ಅಚ್ಚುಕಟ್ಟಾಗಿ ದಿನವೂ ಯೋಚಿಸುವ ಸರ್ಕಾರ, ಹೊಟ್ಟೆಯಿಂದ ಹೊರಗೆ ಹೋಗಬೇಕಾದ್ದಕ್ಕೂ ದಿನವೂ ಯೋಚಿಸಬೇಕು. ಅದಕ್ಕೂ ಒಬ್ಬ ಮನುಷ್ಯ, ಒಂದು ಸಂಬಳ, ಒಂದು ರಿಜಿಸ್ಟರು ಬೇಕು.

ದೊಡ್ಡವಳ ವಿಷಯಕ್ಕೆ ಮತ್ತೆ ಬರಬೇಕು. ಅವಳ ತರಗತಿಯಲ್ಲಿ ಕೆಲವರು ಆಗಲೇ ದೊಡ್ಡವರಾಗಿದ್ದಾರೆ. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಹಸೆ ಮೇಲೆ ಕೂರಿಸಿ ಆರತಿ ಮಾಡುತ್ತೇವೆ, ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸುತ್ತೇವೆ, ಸೋದರಮಾವ ಸೀರೆ ತರುತ್ತಾನೆ. ಊರಿಗೆಲ್ಲ ಊಟ ಹಾಕುವವರೂ ಇದ್ದಾರೆ. ಆ ಹುಡುಗಿ ಮರುವಾರ ಶಾಲೆಗೆ ಹೋದರೆ ಬಟ್ಟೆ ಬದಲಿಸಲು ಚಿಲಕ ಇರುವ ಬಾಗಿಲಿಲ್ಲ, ಕೈ ತೊಳೆಯಲು ಸೋಪಿಲ್ಲ, ಪ್ಯಾಡು ಹಾಕಲು ಮುಚ್ಚಳದ ಡಬ್ಬಿಯಿಲ್ಲ. ಪೇಪರಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಪುಸ್ತಕದ ನಡುವೆ ಇಟ್ಟುಕೊಂಡು ಮನೆಗೆ ತರುತ್ತಾಳೆ. ಇಲ್ಲದಿದ್ದರೆ ಆ ನಾಲ್ಕು ದಿನ ಶಾಲೆಗೇ ಹೋಗುವುದಿಲ್ಲ, ಪ್ರತಿ ತಿಂಗಳು. ಹುಡುಗಿಯರಿಗೆ ಪ್ಯಾಡು ಕೊಡುವ ಸರ್ಕಾರದ ಶುಚಿ ಯೋಜನೆ 2013-14ರಲ್ಲಿ ಶುರುವಾಯಿತು, ನಡುವೆ ಕೆಲವು ವರ್ಷ ನಿಂತು ಮತ್ತೆ ಬಂದಿದೆ. ಪ್ಯಾಡು ಕೊಟ್ಟದ್ದಕ್ಕೆ ಕೈ ಮುಗಿಯುತ್ತೇನೆ. ಅದನ್ನು ಬದಲಿಸಲು ಜಾಗವನ್ನೂ ಕೊಡಿ. ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನ ಸಹಿತ ಮುಟ್ಟಿನ ರಜೆ ಕೊಡಲು 2025ರಲ್ಲಿ ನಮ್ಮ ಸಚಿವ ಸಂಪುಟ ಒಪ್ಪಿತು. ಅಷ್ಟು ತಿಳಿದ ಸರ್ಕಾರಕ್ಕೆ ಹನ್ನೆರಡರ ಹುಡುಗಿಯ ಕಷ್ಟ ಹೇಳಿ ಅರ್ಥ ಮಾಡಿಸಬೇಕಾಗಿಲ್ಲ ಎಂದು ನಂಬಿದ್ದೇನೆ.

ಶಿಕ್ಷಕಿಯರ ಬಗ್ಗೆಯೂ ಒಂದು ಮಾತು. ಅನೇಕ ಹಳ್ಳಿ ಶಾಲೆಗಳಲ್ಲಿ ಅವರೂ ಪಕ್ಕದ ಮನೆಯವರ ಬಚ್ಚಲನ್ನೇ ನಂಬಿಕೊಂಡಿದ್ದಾರೆ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ನಾವು ಹೇಳುತ್ತಿದ್ದೇವೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಶಾಲಾ ಅನುದಾನದಿಂದ ಬೇರ್ಪಡಿಸಿ ಪ್ರತಿ ಸರ್ಕಾರಿ ಶಾಲೆಗೂ ಶೌಚಾಲಯ ನಿರ್ವಹಣೆಯ ಸಂಬಳಕ್ಕೆಂದೇ ತಿಂಗಳ ಹಣ ಕೊಡಿ. ಚಿಕ್ಕ ಶಾಲೆಗಳಿದ್ದರೆ ಎರಡು ಮೂರಕ್ಕೆ ಸೇರಿಸಿ ಒಬ್ಬರು ಸಾಕು. ಕೈಗವಸು, ಬೂಟು, ಉದ್ದ ಹಿಡಿಯ ಬ್ರಷ್ಷು, ಹರಿಯುವ ನೀರು ಕೊಡಿ. ಕೆಲಸ ಯಾರು ಮಾಡಿದರೂ ಗೌರವದಿಂದ ಮಾಡುವಂತಿರಬೇಕು, ಸಂಬಳ ತಿಂಗಳ ಮೊದಲ ವಾರ ಸೇರಬೇಕು. ಪಂಚಾಯಿತಿಗಳಿಗೆ 15ನೇ ಹಣಕಾಸು ಆಯೋಗ ನೈರ್ಮಲ್ಯಕ್ಕೂ ಕುಡಿಯುವ ನೀರಿಗೂ ಅನುದಾನದ ಪಾಲನ್ನು ಮೀಸಲಿಟ್ಟಿತ್ತು. ಮುಂದೆ ಬರುವ ಇಂಥ ಹಣದಲ್ಲಿ ಶಾಲೆಯ ಹೆಸರನ್ನೂ ಸ್ಪಷ್ಟವಾಗಿ ಬರೆಯಿಸಿ. ಹಳ್ಳಿಯ ಕಸ ಒಯ್ಯಲು ಸ್ವಚ್ಛವಾಹಿನಿ ಗಾಡಿ ನಮ್ಮ ಬೀದಿಗೆ ಬರುತ್ತದೆ, ಹೆಂಗಸರೇ ಓಡಿಸುತ್ತಾರೆ, ನೋಡಲು ಹೆಮ್ಮೆಯಾಗುತ್ತದೆ. ಅದು ಶಾಲೆಯ ಗೇಟಿಗೂ ಬಂದು ಪ್ಯಾಡಿನ ಡಬ್ಬಿ ಒಯ್ಯಲಿ.

ಎರಡನೆಯದು ತಪಾಸಣೆ. ಅಧಿಕಾರಿಗಳು ಬರುವ ದಿನ ಶೌಚಾಲಯ ಫಳಫಳ ಹೊಳೆಯುತ್ತದೆ. ಹೇಳದೆ ಬನ್ನಿ, ಮಧ್ಯಾಹ್ನ ಊಟವಾದ ಮೇಲೆ ಬನ್ನಿ. ಒಬ್ಬ ಮಹಿಳಾ ಅಧಿಕಾರಿ ಒಳಗೆ ಹೋಗಿ ಚಿಲಕ ಹಾಕಿ, ನಲ್ಲಿ ತಿರುಗಿಸಿ ನೋಡಲಿ. ಚಿಲಕ ಎರಡನೇ ತರಗತಿಯ ಮಗುವಿನ ಕೈಗೆ ಎಟುಕುವ ಎತ್ತರದಲ್ಲಿದೆಯೇ ಎಂದೂ ನೋಡಲಿ. ಆಮೇಲೆ ಮಕ್ಕಳನ್ನು ಕೇಳಿ, ಮೇಷ್ಟ್ರ ಎದುರಿಗಲ್ಲ. ನಮೂನೆಯಲ್ಲಿ "ಇದೆ" ಎಂದು ಬರೆಯುವ ಜಾಗದಲ್ಲಿ "ನೀರು ಬರುತ್ತದೆ, ಚಿಲಕ ಇದೆ, ಇವತ್ತು ತೊಳೆದಿದೆ" ಎಂದು ಬರೆಯುವ ಹಾಗಾಗಲಿ.

ಶಿಕ್ಷಕರಲ್ಲಿ ನನ್ನ ಬೇಡಿಕೆ ಸಣ್ಣದು, ಅದಕ್ಕೆ ಸರ್ಕಾರದ ಹಣವೂ ಬೇಡ. ಒಂದಕ್ಕೆ ಎಂದು ಬೆರಳೆತ್ತಿದ ಮಗುವನ್ನು ಯಾವ ಪೀರಿಯಡ್ಡಿನಲ್ಲಾದರೂ ಕಳಿಸಿಕೊಡಿ. ಸುಳ್ಳು ಹೇಳಿ ಆಟಕ್ಕೆ ಹೋಗುವ ಮಗು ಇರಬಹುದು, ಇರಲಿ ಬಿಡಿ. ತಡೆದುಕೊಂಡು ತರಗತಿಯಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ ಮಗು ಮತ್ತೆ ಆ ತರಗತಿಗೆ ಕಾಲಿಡಲು ಪಡುವ ಹಿಂಸೆಯ ಮುಂದೆ ಅದು ಏನೂ ಅಲ್ಲ. ತರಗತಿವಾರು ಬಿಡುವನ್ನು ಬೇರೆ ಬೇರೆ ಹೊತ್ತಿಗೆ ಮಾಡಿದರೆ ಸಾಲೂ ಕರಗುತ್ತದೆ.

ಪೋಷಕರೇ, ಮುಖ್ಯವಾಗಿ ಅಪ್ಪಂದಿರೇ, ಮಗಳ ಬಾಟಲಿಯನ್ನು ಇವತ್ತು ಸಂಜೆ ನೀವು ತೆಗೆದು ನೋಡಿ. ಎಸ್‌ಡಿಎಂಸಿ ಸಭೆಯಲ್ಲಿ ಸುಣ್ಣಬಣ್ಣದ ಮಾತಿಗಿಂತ ಮೊದಲು ಈ ಮಾತು ಎತ್ತಿ. ಹೆಂಗಸರು ಎತ್ತಿದರೆ "ಇದೇನು ಎಲ್ಲರೆದುರಿಗೆ" ಎಂದು ಮುಖ ತಿರುಗಿಸುವವರಿದ್ದಾರೆ, ನೀವು ಎತ್ತಿದರೆ ಬರೆದುಕೊಳ್ಳುತ್ತಾರೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಒಳ್ಳೆಯ ಪದ್ಧತಿ ಇದೆ. ನಮ್ಮ ಪಂಚಾಯಿತಿಯ ಸಭೆಯಲ್ಲಿ ಏಳನೇ ತರಗತಿಯ ಒಬ್ಬಳು ಮೈಕು ಹಿಡಿದು "ನಮಗೆ ಬಾಗಿಲಿಗೆ ಚಿಲಕ ಬೇಕು" ಎಂದಳು. ಕೂತಿದ್ದ ದೊಡ್ಡವರು ನಕ್ಕರು. ಅವಳು ನಗಲಿಲ್ಲ, ಮತ್ತೊಮ್ಮೆ ಅದನ್ನೇ ಹೇಳಿದಳು. ಆ ಹುಡುಗಿಗೆ ಇರುವ ಧೈರ್ಯವನ್ನು ನಾವೂ ತಂದುಕೊಳ್ಳೋಣ.

ಮಾನ್ಯ ಸಚಿವರೇ, ಬೇಸಿಗೆ ರಜೆ ಮುಗಿದು ಮೇ ಕೊನೆಗೆ ಶಾಲೆ ತೆರೆಯುತ್ತದೆ. ಪುಸ್ತಕ, ಸಮವಸ್ತ್ರ ಎಂದು ನಿಮ್ಮ ಇಲಾಖೆ ಈಗಲೇ ಓಡಾಡುತ್ತಿರುತ್ತದೆ. ಆ ಓಡಾಟದಲ್ಲೇ ಶೌಚಾಲಯ ನಿರ್ವಹಣೆಯ ಸಂಬಳದ ಆದೇಶವೂ ಹೊರಡಲಿ. ಆದೇಶದ ಪ್ರತಿ ಪ್ರತಿಯೊಂದು ಎಸ್‌ಡಿಎಂಸಿಗೂ ತಲುಪಲಿ, ಯಾವ ಶಾಲೆಗೆ ಎಷ್ಟು ಹಣ ಎಂಬುದು ಶಾಲೆಯ ಗೋಡೆಯ ಮೇಲೆ ಬರೆದಿರಲಿ. ಖರ್ಚಿನ ಲೆಕ್ಕ ನೋಡುವ ಕೆಲಸ ನಮಗೆ ಬಿಡಿ, ತಾಯಂದಿರು ಚೆನ್ನಾಗಿ ನೋಡುತ್ತೇವೆ.

ಇಂತಿ,
ಇಬ್ಬರು ಹೆಣ್ಣುಮಕ್ಕಳ ತಾಯಿ,
ಚಿತ್ರದುರ್ಗ ಜಿಲ್ಲೆ